ಹಳೇ ಲ್ಯಾಪ್‌ಟಾಪ್ ಎಲ್ಲಿ ಮುಗ್ಗರಿಸಿತು?

‘ನಿನ್ನೆ ರಾತ್ರಿ ತನಕ ಚೆನ್ನಾಗೇ ಇತ್ತು ಸಾರ್, ಬೆಳಿಗ್ಗೆಯಿಂದ ಆನೇ ಆಗ್ತಿಲ್ಲ.’ ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಪಕ್ಕದ ಮಳಿಗೆಯವರೆಗೆ, ಲ್ಯಾಪ್‌ಟಾಪ್ ರಿಪೇರಿ ಮಾಡುವವರ ಕಿವಿಗೆ ದಿನವೂ ಬೀಳುವ ಮಾತು ಹೆಚ್ಚುಕಡಿಮೆ ಇದೇ. ಕೈ ಪಳಗಿದವರು ಇದನ್ನು ಕೇಳಿ ಕೂಡಲೇ ಸ್ಕ್ರೂಡ್ರೈವರ್‌ಗೆ ಕೈ ಹಾಕುವುದಿಲ್ಲ. ‘ಲೈಟ್ ಬರುತ್ತಾ? ಫ್ಯಾನ್ ತಿರುಗುತ್ತಾ? ಕಂಪನಿ ಹೆಸರು ಕಾಣಿಸುತ್ತಾ?’ ಎಂದು ಮೊದಲು ವಿಚಾರಿಸುತ್ತಾರೆ. ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಪತ್ತೇದಾರಿಕೆ ಅಲ್ಲೇ ಮುಗಿದಂತೆ.

ಏಕೆಂದರೆ ‘ಆನ್ ಆಗುತ್ತಿಲ್ಲ’ ಎನ್ನುವುದು ಒಂದೇ ದೂರಲ್ಲ. ಒಂದೇ ಒಂದು ದೀಪವೂ ಹತ್ತದೆ ಸುಮ್ಮನೆ ಕೂತಿರುವ ಯಂತ್ರ ಬೇರೆ, ದೀಪ ಹತ್ತಿ ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿಯೇ ಉಳಿಯುವುದು ಬೇರೆ. ಕಂಪನಿಯ ಲೋಗೋ ತೋರಿಸಿ ಅಲ್ಲೇ ಗಿರಗಿರ ಸುತ್ತುತ್ತಾ ನಿಲ್ಲುವುದು ಇನ್ನೊಂದು ಬಗೆ. ಬಟನ್ ಒತ್ತಿದ ಕ್ಷಣದಿಂದ ಪಾಸ್‌ವರ್ಡ್ ಕೇಳುವ ಹೊತ್ತಿನೊಳಗೆ ಲ್ಯಾಪ್‌ಟಾಪ್ ಹಲವು ಹಂತ ದಾಟಿರುತ್ತದೆ. ಹಿಂದಿನ ಹಂತ ಸರಿಯಾಗಿ ಮುಗಿಯದೆ ಮುಂದಿನದು ಶುರುವಾಗುವುದೇ ಇಲ್ಲ. ಹಾಗಾಗಿ ‘ಏನು ಕೆಟ್ಟಿದೆ’ ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ ‘ಎಲ್ಲಿ ನಿಂತಿತು’ ಎಂದು ನೋಡುವುದು ಲಾಭ. ಹಾಗೆ ನೋಡದೆಯೇ ‘ಬೋರ್ಡ್ ಹೋಗಿದೆ’ ಎಂದು ತೀರ್ಪು ಕೊಟ್ಟುಬಿಡುವುದು ಈ ವ್ಯವಹಾರದ ದೊಡ್ಡ ಪಿಡುಗು. ಆ ಒಂದು ಮಾತು ನಂಬಿ ಎಷ್ಟೋ ಮನೆಗಳಲ್ಲಿ ಹೊಸ ಲ್ಯಾಪ್‌ಟಾಪ್ ಬಂದಿದೆ, ಹಳೆಯದು ಅಟ್ಟ ಸೇರಿದೆ.

ಬಟನ್ ಒತ್ತುವುದಕ್ಕೂ ಮೊದಲು

ಆಫ್ ಆಗಿರುವ ಲ್ಯಾಪ್‌ಟಾಪ್ ಪೂರ್ತಿ ನಿದ್ದೆಯಲ್ಲಿರುವುದಿಲ್ಲ. ಬೋರ್ಡಿನ ಮೇಲೆ ಎಂಬೆಡೆಡ್ ಕಂಟ್ರೋಲರ್ ಎಂಬ ಪುಟ್ಟ ಚಿಪ್ ಎಚ್ಚರವಾಗಿಯೇ ಇರುತ್ತದೆ. ಚಾರ್ಜರ್ ಸಿಕ್ಕಿಸಿದರೋ, ಮುಚ್ಚಳ ತೆರೆದರೋ, ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂಬುದನ್ನೆಲ್ಲ ಗಮನಿಸುವುದು ಅದೇ. ಪವರ್ ಬಟನ್ ಎಂದರೆ ಮನೆಯ ಫ್ಯಾನ್ ಸ್ವಿಚ್ಚಿನ ಹಾಗೆ ಕರೆಂಟನ್ನು ನೇರವಾಗಿ ಹರಿಸುವ ಸ್ವಿಚ್ ಅಲ್ಲ. ಏಳಬೇಕು ಎಂಬ ಸುದ್ದಿಯನ್ನು ಆ ಚಿಪ್‌ಗೆ ಮುಟ್ಟಿಸುವುದಷ್ಟೇ ಅದರ ಕೆಲಸ. ಕರೆಂಟು ಏರಿಳಿದಾಗಲೋ, ಬ್ಯಾಟರಿ ಪೂರ್ತಿ ಬರಿದಾಗಿ ತಿಂಗಳುಗಟ್ಟಲೆ ಬಿದ್ದಿದ್ದಾಗಲೋ ಈ ಚಿಪ್ಪೇ ಗೊಂದಲಕ್ಕೆ ಸಿಕ್ಕಿ ನಿಂತರೆ, ಬಟನ್ ಎಷ್ಟು ಒತ್ತಿದರೂ ಕೇಳುವವರಿರುವುದಿಲ್ಲ.

ರಿಪೇರಿಯವರು ಮೊಟ್ಟಮೊದಲು ಮಾಡುವ ಉಪಾಯ ಇದಕ್ಕೇ ಸಂಬಂಧಿಸಿದ್ದು. ಚಾರ್ಜರ್ ತೆಗೆಯುವುದು, ಬ್ಯಾಟರಿ ಹೊರಬರುವಂತಿದ್ದರೆ ಅದನ್ನೂ ಕಳಚುವುದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯುವುದು, ಆಮೇಲೆ ಬರೀ ಚಾರ್ಜರ್ ಮೇಲೆ ಆನ್ ಮಾಡಿ ನೋಡುವುದು. ನೋಡುವವರಿಗೆ ಮಂತ್ರ ಹಾಕಿದಂತೆ ಕಂಡರೂ ಲೆಕ್ಕಾಚಾರ ಸರಳ: ಬೋರ್ಡಿನ ಕೆಪಾಸಿಟರ್‌ಗಳಲ್ಲಿ ಉಳಿದಿದ್ದ ವಿದ್ಯುತ್ತು ಖಾಲಿಯಾಗಿ, ಕಂಟ್ರೋಲರ್ ಚಿಪ್ ಮೊದಲಿನಿಂದ ಶುರುಮಾಡುತ್ತದೆ. ಬ್ಯಾಟರಿ ಒಳಗೇ ಕೂತಿರುವ ಹಲವು ಥಿಂಕ್‌ಪ್ಯಾಡ್ ಮಾದರಿಗಳ ತಳದಲ್ಲಿ ಇದಕ್ಕೆಂದೇ ಸೂಜಿ ತೂರುವಷ್ಟು ದೊಡ್ಡ ರಂಧ್ರ ಇದೆ. ಚಾರ್ಜರ್ ತೆಗೆದು, ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ಪಿನಿಂದ ಒಳಗಿನ ಗುಂಡಿಯನ್ನು ಮೆಲ್ಲಗೆ ಒತ್ತಿದರಾಯಿತು. ಒಂದು ಪೈಸೆ ಖರ್ಚಿಲ್ಲದ ಕೆಲಸ. ಅಂಗಡಿಗೆ ಹೊರಡುವ ಮುಂಚೆ ಎಲ್ಲರೂ ಮಾಡಿ ನೋಡಬಹುದಾದದ್ದು.

ಬಟನ್ನಿನಿಂದ ಹೊರಟ ಸುದ್ದಿ ದಾರಿಯಲ್ಲೇ ಕಳೆದುಹೋಗುವುದೂ ಉಂಟು. ಬಟನ್ ಕೆಳಗಿನ ರಿಬ್ಬನ್ ಕೇಬಲ್ ಕಾಗದದಷ್ಟು ತೆಳು. ಒಮ್ಮೆ ಬಿಚ್ಚಿ ಮುಚ್ಚಿದ ಯಂತ್ರದಲ್ಲಿ ಅದು ಸಡಿಲವಾಗಿರಬಹುದು. ಇತ್ತೀಚಿನ ಎಷ್ಟೋ ಮಾದರಿಗಳಲ್ಲಿ ಪವರ್ ಬಟನ್ ಕೀಬೋರ್ಡಿನದೇ ಒಂದು ಕೀಲಿ. ಕೀಬೋರ್ಡಿಗೆ ಕಾಫಿ ಬಿದ್ದರೆ ಅಕ್ಷರಗಳ ಜೊತೆ ಅದೂ ಸಾಯುತ್ತದೆ. ಮುಚ್ಚಳದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಮುಚ್ಚಳ ಮುಚ್ಚಿದೆಯೇ ತೆರೆದಿದೆಯೇ ಎಂದು ಯಂತ್ರಕ್ಕೆ ಗೊತ್ತಾಗುವುದು ಅದರಲ್ಲಿರುವ ಸಣ್ಣ ಅಯಸ್ಕಾಂತದಿಂದ. ಒಂದು ಲ್ಯಾಪ್‌ಟಾಪ್ ಮೇಲೆ ಇನ್ನೊಂದನ್ನು ಇಟ್ಟುಕೊಂಡು ಕೆಲಸ ಮಾಡುವವರ ಪರದೆ ಇದ್ದಕ್ಕಿದ್ದಂತೆ ಕಪ್ಪಾಗುವುದಕ್ಕೆ ಕೆಳಗಿನದರ ಅಯಸ್ಕಾಂತ ಕಾರಣವಾಗಬಲ್ಲದು. ಮೊಬೈಲ್ ಕವರಿನ ಅಯಸ್ಕಾಂತವೂ ಇದೇ ಚೇಷ್ಟೆ ಮಾಡುತ್ತದೆ.

ಇನ್ನು ಚಾರ್ಜರ್. ಲ್ಯಾಪ್‌ಟಾಪನ್ನು ಅನುಮಾನಿಸುವ ಮೊದಲು ಗೋಡೆಯ ಸಾಕೆಟ್ಟನ್ನು, ಆಮೇಲೆ ಸ್ಪೈಕ್ ಬಸ್ಟರನ್ನು, ಕೊನೆಗೆ ಅಡಾಪ್ಟರಿನ ಡಬ್ಬಿಗೆ ಹೋಗುವ ದಪ್ಪ ಕೇಬಲನ್ನು ಅನುಮಾನಿಸಬೇಕು. ಆ ಕೇಬಲ್ ಡಬ್ಬಿಯಲ್ಲಿ ಅರ್ಧ ಸಡಿಲವಾಗಿ ಕೂತಿದ್ದು, ಮಾಲೀಕರು ಲ್ಯಾಪ್‌ಟಾಪನ್ನು ಅಂಗಡಿಗೆ ಹೊತ್ತು ತಂದ ಪ್ರಸಂಗಗಳು ಅಪರೂಪವಲ್ಲ. ಹಳೆಯ ದುಂಡು ಪಿನ್ನಿನ ಅಡಾಪ್ಟರುಗಳು ಸಾಮಾನ್ಯವಾಗಿ 19 ವೋಲ್ಟ್ ಆಸುಪಾಸು ಕೊಡುತ್ತವೆ. ಡೆಲ್, ಎಚ್‌ಪಿಯವು 19.5. ಮಲ್ಟಿಮೀಟರಿನ ಎರಡು ಕಡ್ಡಿ ಇಟ್ಟು ನೋಡಿದರೆ ನಿಮಿಷದಲ್ಲಿ ಸತ್ಯ ತಿಳಿಯುತ್ತದೆ. ಬದಲಿ ಚಾರ್ಜರ್ ಕೊಳ್ಳುವಾಗ ವೋಲ್ಟ್ ಹಳೆಯದಕ್ಕೆ ಸರಿಸಮ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು. ಹೆಚ್ಚು ಆಂಪಿಯರ್ ಇದ್ದರೆ ಯಂತ್ರ ಸುಟ್ಟುಹೋಗುತ್ತದೆ ಎಂಬ ಭಯ ಸುಳ್ಳು. ಯಂತ್ರ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ.

ಡೆಲ್ ಚಾರ್ಜರಿನ ತುದಿಯೊಳಗೆ ನಡುವೆ ಒಂದು ಸೂಜಿಯಂಥ ಪಿನ್ ಇದೆ. ಅದರಲ್ಲಿ ಹರಿಯುವುದು ಕರೆಂಟಲ್ಲ, ಪರಿಚಯ. ಅಡಾಪ್ಟರಿನೊಳಗಿನ ಪುಟ್ಟ ಚಿಪ್ ‘ನಾನು 65 ವಾಟಿನವನು, ಕಂಪನಿಯವನೇ’ ಎಂದು ಲ್ಯಾಪ್‌ಟಾಪಿಗೆ ಹೇಳುವ ದಾರಿ ಅದು. ಆ ಪಿನ್ ಬಗ್ಗಿದರೆ ಅಥವಾ ಮುರಿದರೆ ಲ್ಯಾಪ್‌ಟಾಪ್ ಓಡುತ್ತದೆ, ಆದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ವೇಗವೂ ಕುಸಿಯುತ್ತದೆ. ಒಂದಷ್ಟು ದಿನ ಕಳೆದು ಬ್ಯಾಟರಿ ಪೂರ್ತಿ ಸೊರಗಿದ ಮೇಲೆ ‘ಆನ್ ಆಗುತ್ತಿಲ್ಲ’ ಎಂಬ ದೂರು ಹುಟ್ಟುತ್ತದೆ. ಹೊಸ ಬ್ಯಾಟರಿ ಹಾಕಿಸಿದರೂ ವಾರದೊಳಗೆ ಮತ್ತದೇ ಹಾಡು, ಏಕೆಂದರೆ ಕೆಟ್ಟದ್ದು ಚಾರ್ಜರಿನ ಪಿನ್. ಲ್ಯಾಪ್‌ಟಾಪ್ ಕಡೆಯ ಜಾಕ್ ಕೂಡ ಇಂಥದ್ದೇ ಬಡಪಾಯಿ. ಹಾಸಿಗೆಯ ಮೇಲೆ ಒರಗಿ ಬಳಸುವವರು ವೈರನ್ನು ಎಳೆದಾಡಿ ಅದನ್ನು ಸಡಿಲ ಮಾಡಿರುತ್ತಾರೆ. ಬಹಳಷ್ಟು ಮಾದರಿಗಳಲ್ಲಿ ಜಾಕ್ ಬೋರ್ಡಿನಿಂದ ಪ್ರತ್ಯೇಕವಾಗಿ, ಸಣ್ಣ ವೈರಿನ ತುದಿಯಲ್ಲಿ ಇರುತ್ತದೆ. ಅದನ್ನು ಬದಲಿಸುವುದು ಕಡಿಮೆ ಖರ್ಚಿನ ಕೆಲಸ.

ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದರೆ ಬೆರಳು ಜುಮುಗುಡುವುದಕ್ಕೂ ಹೆದರಬೇಕಿಲ್ಲ, ಆದರೆ ಕಡೆಗಣಿಸಲೂಬಾರದು. ಹೆಚ್ಚಿನ ಸಲ ಮನೆಯ ಸಾಕೆಟ್ಟಿಗೆ ಅರ್ಥಿಂಗ್ ಇಲ್ಲ ಅಥವಾ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನದರಲ್ಲಿ ಸಿಕ್ಕಿಸಲಾಗಿದೆ ಎಂದರ್ಥ.

ಬ್ಯಾಟರಿಯ ವಿಷಯದಲ್ಲಿ ಮಾತ್ರ ಹುಡುಗಾಟ ಬೇಡ. ಟಚ್‌ಪ್ಯಾಡ್ ಉಬ್ಬಿದ್ದರೆ, ತಳ ಮೇಜಿನ ಮೇಲೆ ಸಮನಾಗಿ ಕೂರದಿದ್ದರೆ, ಒಳಗಿನ ಲಿಥಿಯಂ ಬ್ಯಾಟರಿ ಊದಿಕೊಂಡಿದೆ. ಅದನ್ನು ಒತ್ತುವುದು, ಚುಚ್ಚುವುದು, ಚಾರ್ಜ್ ಮಾಡಿ ನೋಡುವುದು ಎಲ್ಲವೂ ಅಪಾಯ. 2006ರ ಆಗಸ್ಟಿನಲ್ಲಿ ಡೆಲ್ ಕಂಪನಿ ಸೋನಿ ತಯಾರಿಸಿದ ಸುಮಾರು 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅದರ ಬೆನ್ನಿಗೇ ಆ್ಯಪಲ್ ಸುಮಾರು 18 ಲಕ್ಷ ಬ್ಯಾಟರಿಗಳನ್ನು ವಾಪಸ್ ಪಡೆಯಿತು. ಕೋಶದೊಳಗೆ ಸೇರಿಕೊಂಡಿದ್ದ ಲೋಹದ ಸೂಕ್ಷ್ಮ ಕಣಗಳು ಒಳಗೇ ಶಾರ್ಟ್ ಮಾಡಿ ಬೆಂಕಿ ಹೊತ್ತಿಸಬಹುದು ಎಂಬುದು ಅದಕ್ಕೆ ಕಾರಣವಾಗಿತ್ತು. ಹಳೆಯ ಲ್ಯಾಪ್‌ಟಾಪಿಗೆ ಬೇಕಾದದ್ದು ತಾಜಾ ಬ್ಯಾಟರಿ. ಯಾವುದೋ ಗೋದಾಮಿನಲ್ಲಿ ನಾಲ್ಕು ವರ್ಷ ಬಿದ್ದಿದ್ದ ‘ಒರಿಜಿನಲ್’ ಅಲ್ಲ.

ದೀಪ ಹತ್ತಿತು, ಪರದೆ ಕಪ್ಪು

ಕರೆಂಟಿನ ಹಂತ ದಾಟಿದರೆ ಪ್ರೊಸೆಸರ್ ಎಚ್ಚರವಾಗುತ್ತದೆ. ಎಚ್ಚರವಾದ ಕೂಡಲೇ ಅದಕ್ಕೆ ವಿಂಡೋಸ್ ಎಂಬುದೊಂದಿದೆ ಎಂದೂ ಗೊತ್ತಿರುವುದಿಲ್ಲ. ಬೋರ್ಡಿನ ಮೇಲಿನ ಎಂಟು ಕಾಲಿನ ಸಣ್ಣ ಮೆಮೊರಿ ಚಿಪ್ಪಿನಲ್ಲಿ ಬರೆದಿಟ್ಟ ಬಯೋಸ್ ಎಂಬ ಕಿರು ತಂತ್ರಾಂಶವನ್ನು ಓದಿಯೇ ಅದು ತನ್ನ ಸುತ್ತ ಏನೇನಿದೆ ಎಂದು ತಿಳಿದುಕೊಳ್ಳಬೇಕು. ಬಯೋಸ್ ಎಂಬ ಹೆಸರು ಗ್ಯಾರಿ ಕಿಲ್ಡಾಲ್ 1970ರ ದಶಕದಲ್ಲಿ ರೂಪಿಸಿದ ಸಿಪಿ/ಎಂ ಕಾರ್ಯವ್ಯವಸ್ಥೆಯಿಂದ ಬಂದದ್ದು. 1981ರಲ್ಲಿ ಬಂದ ಐಬಿಎಂ ಪಿಸಿಯೊಂದಿಗೆ ಅದು ಮನೆಮಾತಾಯಿತು. ಇಂದಿನ ಯಂತ್ರಗಳಲ್ಲಿ ಅದರ ಜಾಗಕ್ಕೆ ಯುಇಎಫ್‌ಐ ಬಂದಿದ್ದರೂ ಬಾಯಿಮಾತಿನಲ್ಲಿ ಎಲ್ಲರಿಗೂ ಅದು ಬಯೋಸೇ. ಪರದೆ ಬೆಳಗುವ ಮೊದಲು ಅದು ಮಾಡುವ ಸ್ವಯಂಪರೀಕ್ಷೆಯಲ್ಲಿ ಮೆಮೊರಿ, ಅಂದರೆ ರ‍್ಯಾಮ್, ಪಾಸಾಗಲೇಬೇಕು. ಇಲ್ಲವಾದರೆ ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಅಂಗಡಿ ಭಾಷೆಯಲ್ಲಿ ಇದು ‘ನೋ ಡಿಸ್‌ಪ್ಲೇ’ ಕೇಸು.

ಹಳೆಯ ಲ್ಯಾಪ್‌ಟಾಪ್‌ಗಳ ನೋ ಡಿಸ್‌ಪ್ಲೇ ಕೇಸಿನಲ್ಲಿ ಮೊದಲ ಆರೋಪಿ ರ‍್ಯಾಮೇ. ಅದರ ಅಂಚಿನ ಚಿನ್ನದ ಬಣ್ಣದ ಪಟ್ಟಿಗಳು ಸ್ಲಾಟಿನ ಸ್ಪ್ರಿಂಗುಗಳಿಗೆ ತಾಗಿಕೊಂಡಿರುತ್ತವೆ. ವರ್ಷಗಳ ದೂಳು, ತೇವ, ಬಿಸಿ ತಣ್ಣಗಿನ ಏರಿಳಿತದಲ್ಲಿ ಆ ಸಂಪರ್ಕ ಹದಗೆಡುತ್ತದೆ. ಮಳೆಗಾಲದಲ್ಲಿ ಬಟ್ಟೆಯೇ ಒಣಗದ ಮಲೆನಾಡಿನಲ್ಲಿ, ಗಾಳಿಯಲ್ಲೇ ಉಪ್ಪಿರುವ ಕರಾವಳಿಯಲ್ಲಿ ಇದು ಇನ್ನಷ್ಟು ಬೇಗ ಆಗುತ್ತದೆ. ಪರಿಹಾರ ಶಾಲೆಮಕ್ಕಳ ಪೆಟ್ಟಿಗೆಯಲ್ಲೇ ಇದೆ. ಚಾರ್ಜರ್, ಬ್ಯಾಟರಿ ಎರಡನ್ನೂ ಬೇರ್ಪಡಿಸಿ, ರ‍್ಯಾಮ್ ಕಡ್ಡಿ ತೆಗೆದು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಆ ಪಟ್ಟಿಗಳನ್ನು ಮೃದುವಾಗಿ ಉಜ್ಜಿ, ಪುಡಿ ಒರೆಸಿ, ಕ್ಲಿಕ್ ಎನ್ನುವವರೆಗೆ ಮತ್ತೆ ಕೂರಿಸುವುದು. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ, ಒಂದೊಂದು ಸ್ಲಾಟಿನಲ್ಲಿ ಹಾಕಿ ನೋಡುವುದು. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಅಲ್ಲಿ ರಬ್ಬರಿನ ಆಟ ನಡೆಯದು.

ಪರದೆ ಇಲ್ಲದೆಯೂ ಲ್ಯಾಪ್‌ಟಾಪ್ ತನ್ನ ಕಷ್ಟ ಹೇಳಿಕೊಳ್ಳುತ್ತದೆ, ಇನ್ನೂ ಮಾತು ಬಾರದ ಕೂಸು ಅತ್ತು ತಿಳಿಸುವ ಹಾಗೆ. ಹಲವು ಡೆಲ್ ಮಾದರಿಗಳ ದೀಪ 2 ಸಲ ಕಿತ್ತಳೆ, 3 ಸಲ ಬಿಳಿ ಮಿನುಗಿದರೆ ರ‍್ಯಾಮ್ ಕಾಣುತ್ತಿಲ್ಲ ಎಂದು ಅರ್ಥ. 2 ಮತ್ತು 4 ಆದರೆ ರ‍್ಯಾಮ್ ಕಾಣುತ್ತಿದೆ, ಆದರೆ ಕೆಟ್ಟಿದೆ. 3 ಮತ್ತು 1 ಆದರೆ ಬೋರ್ಡಿನ ಗಡಿಯಾರ ನಡೆಸುವ ಸಿಮೋಸ್ ಸೆಲ್ ಮುಗಿದಿದೆ. ಹಳೆಯ ಎಚ್‌ಪಿಗಳಲ್ಲಿ ಕ್ಯಾಪ್ಸ್ ಲಾಕ್ ದೀಪ 3 ಸಲ ಮಿನುಗುತ್ತಿದ್ದರೆ ಅದೂ ಮೆಮೊರಿಯ ದೂರೇ. ಮಾದರಿಯಿಂದ ಮಾದರಿಗೆ ಈ ಲೆಕ್ಕ ಬದಲಾಗುವುದರಿಂದ ಕಂಪನಿಯ ಕೈಪಿಡಿಯೊಂದಿಗೆ ತಾಳೆ ನೋಡಲೇಬೇಕು. ಬಹುತೇಕ ಮಾಲೀಕರು ಈ ಮಿಣುಕನ್ನು ನೋಡಿದರೂ ಎಣಿಸುವುದಿಲ್ಲ. ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೊ ಮಾಡಿಕೊಂಡು ಹೋದರೆ ಅಂಗಡಿಯವರ ಸಮಯವೂ ಮಾಲೀಕರ ಹಣವೂ ಉಳಿಯುತ್ತದೆ.

ಎಲ್ಲ ಸರಿಯಿದ್ದು ಪರದೆಯೇ ಸತ್ತಿರುವ ಸಾಧ್ಯತೆಯನ್ನೂ ಮರೆಯಬಾರದು. ಕತ್ತಲೆ ಕೋಣೆಯಲ್ಲಿ ಪರದೆಯ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟಾಗ ಮಸುಕು ಚಿತ್ರ ಕಂಡರೆ ಲ್ಯಾಪ್‌ಟಾಪ್ ಆನ್ ಆಗಿದೆ, ಹಿಂಬದಿಯ ಬೆಳಕು ಮಾತ್ರ ಹೋಗಿದೆ. ಎಚ್‌ಡಿಎಂಐ ಕೇಬಲಿನಲ್ಲಿ ಮನೆಯ ಟಿ.ವಿ.ಗೆ ಜೋಡಿಸಿದರೂ ಗೊತ್ತಾಗುತ್ತದೆ. ಡೆಲ್‌ನಲ್ಲಿ ಡಿ ಕೀಲಿ ಒತ್ತಿ ಹಿಡಿದು ಪವರ್ ಬಟನ್ ಒತ್ತಿದರೆ ಪರದೆ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ತೋರಿಸಿ ತನ್ನ ಆರೋಗ್ಯ ತಾನೇ ಸಾಬೀತು ಮಾಡುತ್ತದೆ. ಕೀಲಿನ ಬಳಿ ಸಾವಿರಾರು ಸಲ ಮಡಚಿದ ಡಿಸ್‌ಪ್ಲೇ ಕೇಬಲ್ ಒಳಗೇ ಸವೆದಿರುವುದು ಹಳೆಯ ಯಂತ್ರಗಳಲ್ಲಿ ಮಾಮೂಲು.

ಓವನ್ನಿನಲ್ಲಿ ಬೆಂದ ಬೋರ್ಡುಗಳು

ಚಿಪ್ಪೇ ಕೆಟ್ಟು ಪರದೆ ಕಪ್ಪಾದ ಪ್ರಕರಣಗಳಲ್ಲಿ ಅತಿ ಪ್ರಸಿದ್ಧವಾದುದು 2008ರದು. ಆ ವರ್ಷ ಜುಲೈ ಮೊದಲ ವಾರದಲ್ಲಿ ಅಮೆರಿಕದ ಎನ್‌ವಿಡಿಯಾ ಕಂಪನಿ, ಲ್ಯಾಪ್‌ಟಾಪ್‌ಗಳಲ್ಲಿದ್ದ ತನ್ನ ಕೆಲವು ಗ್ರಾಫಿಕ್ಸ್ ಚಿಪ್‌ಗಳು ಅಸಹಜ ಪ್ರಮಾಣದಲ್ಲಿ ಕೆಡುತ್ತಿವೆ ಎಂದು ಒಪ್ಪಿಕೊಂಡು, ದುರಸ್ತಿ ಮತ್ತು ಬದಲಿ ವೆಚ್ಚಕ್ಕಾಗಿ 15ರಿಂದ 20 ಕೋಟಿ ಡಾಲರ್ ಎತ್ತಿಡುವುದಾಗಿ ಪ್ರಕಟಿಸಿತು. ಎಚ್‌ಪಿ ಪೆವಿಲಿಯನ್‌ನ ಡಿವಿ 2000, 6000, 9000 ಸರಣಿಗಳು, ಡೆಲ್ ಎಕ್ಸ್‌ಪಿಎಸ್ ಎಂ 1330 ಮುಂತಾದವು ಈ ಪಟ್ಟಿಯಲ್ಲಿದ್ದವು. ತನಗೆ ಕೊಟ್ಟ ಚಿಪ್‌ಗಳಲ್ಲಿ ತೊಂದರೆಯಿಲ್ಲ ಎಂಬ ಭರವಸೆಯನ್ನು ನಂಬಿದ್ದ ಆ್ಯಪಲ್, ತಾನೇ ತನಿಖೆ ನಡೆಸಿ ಅದೇ ಅಕ್ಟೋಬರಿನಲ್ಲಿ ತನ್ನ ಮ್ಯಾಕ್‌ಬುಕ್ ಪ್ರೊಗಳಿಗೂ ದೋಷ ತಗುಲಿರಬಹುದೆಂದು ತಿಳಿಸಿ, ಉಚಿತ ದುರಸ್ತಿ ಘೋಷಿಸಿತು. ಅಮೆರಿಕದ ನ್ಯಾಯಾಲಯಕ್ಕೆ ಹೋದ ಸಾಮೂಹಿಕ ದಾವೆ 2010ರಲ್ಲಿ ರಾಜಿಯಲ್ಲಿ ಇತ್ಯರ್ಥವಾಯಿತು. ದುಬಾರಿ ಪೆವಿಲಿಯನ್ ಕಳೆದುಕೊಂಡವರಿಗೆ ಬದಲಿಯಾಗಿ ಅಗ್ಗದ ಕಾಂಪ್ಯಾಕ್ ಸಿಕ್ಕಾಗ ಅವರು ಗೊಣಗಿದ್ದರಲ್ಲಿ ತಪ್ಪೇನಿರಲಿಲ್ಲ.

ಈ ಪ್ರಕರಣದಿಂದ ಹುಟ್ಟಿದ ಒಂದು ಮನೆಮದ್ದು ಇವತ್ತಿಗೂ ಚಾಲ್ತಿಯಲ್ಲಿದೆ. ಬೋರ್ಡ್ ಬಿಚ್ಚಿ ಅಡುಗೆಯ ಓವನ್ನಿನಲ್ಲಿ ಕೆಲವು ನಿಮಿಷ ಬೇಯಿಸಿದರೆ, ಅಥವಾ ಆನ್ ಮಾಡಿದ ಲ್ಯಾಪ್‌ಟಾಪಿಗೆ ಟವೆಲ್ ಸುತ್ತಿ ಚೆನ್ನಾಗಿ ಕಾಯಿಸಿದರೆ, ಸತ್ತ ಯಂತ್ರ ಏಳುತ್ತಿತ್ತು! ನಿಜವಾಗಿಯೂ ಏಳುತ್ತಿತ್ತು. ಕೆಲವು ದಿನ, ಹೆಚ್ಚೆಂದರೆ ಕೆಲವು ತಿಂಗಳು ಓಡಿ ಮತ್ತೆ ಮಲಗುತ್ತಿತ್ತು. ಐರೋಪ್ಯ ಒಕ್ಕೂಟ 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ಸ್‌ನಲ್ಲಿ ಸೀಸವನ್ನು ನಿರ್ಬಂಧಿಸಿತ್ತಷ್ಟೆ. ಆಗ ಬಂದ ಸೀಸರಹಿತ ಬೆಸುಗೆಯೇ ಬಿರುಕು ಬಿಡುತ್ತಿದೆ, ಕಾಯಿಸಿದರೆ ಅದು ಕರಗಿ ಕೂಡಿಕೊಳ್ಳುತ್ತದೆ ಎಂದು ಜನ ನಂಬಿದರು. ಬಿರುಕು ಇದ್ದದ್ದು ಬೋರ್ಡಿಗೂ ಚಿಪ್ಪಿಗೂ ನಡುವಿನ ಬೆಸುಗೆಯಲ್ಲಲ್ಲ. ಚಿಪ್ ಪೊಟ್ಟಣದ ಒಳಗೆ, ಸಿಲಿಕಾನ್ ತುಣುಕನ್ನು ಅದರ ಅಡಿಹಲಗೆಗೆ ಕೂಡಿಸುವ ಸೂಕ್ಷ್ಮ ಉಬ್ಬುಗಳಲ್ಲಿ. ಅವುಗಳ ಸುತ್ತ ತುಂಬಿದ್ದ ಅಂಟು ಬಿಸಿಗೆ ಬೇಗ ಮೆದುವಾಗುತ್ತಿತ್ತು. ದಿನಕ್ಕೆ ಹಲವು ಸಲ ಬಿಸಿಯಾಗಿ ತಣ್ಣಗಾಗುವ ಲ್ಯಾಪ್‌ಟಾಪಿನಲ್ಲಿ ಆ ಹಿಗ್ಗು ಕುಗ್ಗಿನ ಏಟೆಲ್ಲ ಉಬ್ಬುಗಳ ಮೇಲೆಯೇ ಬೀಳುತ್ತಿತ್ತು. ಕಾಯಿಸಿದಾಗ ಬಿರುಕಿನ ಎರಡು ಬದಿಗಳು ತಾತ್ಕಾಲಿಕವಾಗಿ ತಾಗುತ್ತಿದ್ದವು, ಅಷ್ಟೇ.

ಇಂದಿಗೂ ‘ಹೀಟ್ ಕೊಟ್ಟು ಸರಿ ಮಾಡ್ತೀವಿ’, ‘ರೀಬಾಲಿಂಗ್ ಮಾಡ್ತೀವಿ’ ಎನ್ನುವ ಅಂಗಡಿಗಳಿವೆ. ಚಿಪ್ಪನ್ನು ಕಿತ್ತು ಕೆಳಗೆ ಹೊಸ ಬೆಸುಗೆಯ ಗುಂಡುಗಳನ್ನು ಕೂರಿಸುವ ರೀಬಾಲಿಂಗ್ ನಿಜವಾದ ಕುಶಲ ಕೆಲಸ. ಆದರೆ ಚಿಪ್ಪಿನ ಒಳಗೇ ದೋಷವಿದ್ದರೆ ಹೊಸ ಚಿಪ್ ಹಾಕದೆ ಪ್ರಯೋಜನವಿಲ್ಲ. ‘ಎಷ್ಟು ತಿಂಗಳು ಗ್ಯಾರಂಟಿ?’ ಎಂಬ ಪ್ರಶ್ನೆಗೆ ಬರುವ ಉತ್ತರದಿಂದಲೇ ರಿಪೇರಿಯ ಗುಣ ತಿಳಿಯುತ್ತದೆ. ಮನೆಯ ಹೇರ್ ಡ್ರೈಯರನ್ನಂತೂ ಕೂದಲಿಗೇ ಬಿಡುವುದು ಕ್ಷೇಮ.

ಒಳ್ಳೆಯ ‘ಚಿಪ್ ಲೆವೆಲ್’ ಕೆಲಸಗಾರರು ಕೂತು ಕೆಲಸ ಮಾಡುವುದನ್ನು ನೋಡಬೇಕು. ಅವರು ಚಾರ್ಜರಿನ ಬದಲು ಮೇಜಿನ ಮೇಲಿನ ಪವರ್ ಸಪ್ಲೈ ಪೆಟ್ಟಿಗೆಯಿಂದ ಬೋರ್ಡಿಗೆ ಕರೆಂಟ್ ಕೊಟ್ಟು ಅಂಕಿಗಳ ಮೇಲೆ ಕಣ್ಣು ನೆಡುತ್ತಾರೆ. ಬಟನ್ ಒತ್ತಿದಾಗ ಆಂಪಿಯರ್ ಕದಲದಿದ್ದರೆ ಒಂದು ದಾರಿ, ತುಸು ಏರಿ ನಿಂತರೆ ಇನ್ನೊಂದು ದಾರಿ, ಒಮ್ಮೆಲೇ ಮೇಲಕ್ಕೆ ಹಾರಿ ವೋಲ್ಟ್ ಕುಸಿದರೆ ಎಲ್ಲೋ ಶಾರ್ಟ್. ಎಷ್ಟೋ ಬೋರ್ಡುಗಳನ್ನು ಕೊಲ್ಲುವುದು ಸಾಸಿವೆ ಗಾತ್ರದ ಸೆರಾಮಿಕ್ ಕೆಪಾಸಿಟರ್. ಅದು ಬಿರುಕು ಬಿಟ್ಟು ಶಾರ್ಟ್ ಆಯಿತೆಂದರೆ ಇಡೀ ಯಂತ್ರ ಮೂಕ. ನೂರಾರು ಸಾಸಿವೆಗಳಲ್ಲಿ ಕೆಟ್ಟದ್ದನ್ನು ಹುಡುಕಲು ಬೋರ್ಡಿನ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ, ಶಾರ್ಟ್ ಆದ ಸಾಲಿಗೆ ಒಂದು ವೋಲ್ಟಿನಷ್ಟು ಮೆಲ್ಲಗೆ ಹರಿಸುತ್ತಾರೆ. ಕೆಟ್ಟ ಕೆಪಾಸಿಟರ್ ಬಿಸಿಯಾಗಿ ಅದರ ಮೇಲಿನ ಆಲ್ಕೊಹಾಲ್ ಎಲ್ಲಕ್ಕಿಂತ ಮೊದಲು ಆವಿಯಾಗುತ್ತದೆ. ಅನುಕೂಲಸ್ಥರು ಥರ್ಮಲ್ ಕ್ಯಾಮೆರಾ ಇಟ್ಟುಕೊಂಡಿರುತ್ತಾರೆ. ಭಾಗದ ಬೆಲೆ ಕೆಲವೇ ರೂಪಾಯಿ, ಸಂಭಾವನೆ ಕಣ್ಣಿಗೆ ಮತ್ತು ಕೈಗೆ. ‘ಬೋರ್ಡ್ ಹೋಗಿದೆ, ಹೊಸದು ಹಾಕಬೇಕು’ ಎಂದ ಕಡೆಯಲ್ಲೇ ನಿಲ್ಲದೆ ಇಂಥವರಲ್ಲಿ ಇನ್ನೊಂದು ಅಭಿಪ್ರಾಯ ಕೇಳುವುದು ಅದಕ್ಕಾಗಿ.

ನೀರು, ಚಹಾ, ಮಜ್ಜಿಗೆ ಬಿದ್ದಾಗ ಮೊದಲ ಕೆಲಸ ಚಾರ್ಜರ್ ಕೀಳುವುದು, ಬಟನ್ ಒತ್ತಿ ಹಿಡಿದು ಆರಿಸುವುದು, ತೆರೆದು ಬೋರಲು ಹಾಕುವುದು. ಅಕ್ಕಿ ಡಬ್ಬದಲ್ಲಿ ಹೂಳುವುದರಿಂದ ಅಕ್ಕಿ ಹಾಳು, ಅಷ್ಟೇ. ಒಳಗಿನ ಬ್ಯಾಟರಿ ಜೋಡಣೆ ಹಾಗೇ ಇದ್ದರೆ ಒದ್ದೆ ಬೋರ್ಡಿನ ತಾಮ್ರ ಕರಗುತ್ತಲೇ ಹೋಗುತ್ತದೆ. ‘ಒಣಗಿತು, ಆನ್ ಆಯಿತು’ ಎಂದು ಖುಷಿಪಟ್ಟ ಯಂತ್ರ ತಿಂಗಳ ಮೇಲೆ ಸಾಯುವುದು ಹೀಗೆ. ಅದೇ ದಿನ ಬ್ಯಾಟರಿ ಕಳಚಿಸಿ, ಬೋರ್ಡ್ ತೊಳೆಸಬೇಕು.

ಲೋಗೋ ಬಂದು ನಿಂತರೆ

ಕಂಪನಿಯ ಹೆಸರು ಪರದೆಯ ಮೇಲೆ ಕಂಡರೆ ಮಾಲೀಕರು ನೆಮ್ಮದಿಯಿಂದ ಉಸಿರು ಬಿಡಬಹುದು. ಬೋರ್ಡ್, ಪ್ರೊಸೆಸರ್, ರ‍್ಯಾಮ್ ಬಹುಮಟ್ಟಿಗೆ ಸರಿಯಿವೆ. ತಕರಾರು ಇನ್ನು ಡಿಸ್ಕಿನದು ಅಥವಾ ವಿಂಡೋಸಿನದು.

ಇಲ್ಲಿ ಎಲ್ಲರನ್ನೂ ದಾರಿ ತಪ್ಪಿಸುವುದು ನಾಣ್ಯದಂಥ ಒಂದು ಸೆಲ್. ಸಿಆರ್ 2032 ಎಂಬ ಈ 3 ವೋಲ್ಟಿನ ಸಿಮೋಸ್ ಸೆಲ್, ಚಾರ್ಜರ್ ಬ್ಯಾಟರಿ ಎರಡೂ ಇಲ್ಲದಾಗ ಗಡಿಯಾರವನ್ನು ನಡೆಸುತ್ತದೆ, ಹಲವು ಹಳೆಯ ಯಂತ್ರಗಳಲ್ಲಿ ಬಯೋಸ್ ಆಯ್ಕೆಗಳನ್ನೂ ನೆನಪಿಟ್ಟುಕೊಳ್ಳುತ್ತದೆ. ಹಲವು ವರ್ಷದ ಮೇಲೆ ಅದು ಮುಗಿದಾಗ ತಾರೀಖು ಹಿಂದಕ್ಕೆ ಹೋಗುತ್ತದೆ. ಬ್ರೌಸರ್ ಪ್ರತಿ ಜಾಲತಾಣವನ್ನೂ ‘ಸುರಕ್ಷಿತವಲ್ಲ’ ಎನ್ನತೊಡಗುತ್ತದೆ. ಅದಕ್ಕಿಂತ ದೊಡ್ಡ ಎಡವಟ್ಟು, ಬಯೋಸ್ ತನ್ನ ಕಾರ್ಖಾನೆಯ ಆಯ್ಕೆಗಳಿಗೆ ಮರಳುವುದು. ಹಳೆಯ ‘ಲೆಗಸಿ’ ವಿಧಾನದಲ್ಲಿ ವಿಂಡೋಸ್ ಹಾಕಿದ್ದ ಯಂತ್ರ ಈಗ ಯುಇಎಫ್‌ಐ ವಿಧಾನದಲ್ಲಿ ಹುಡುಕಿ ‘ಬೂಟ್ ಡಿವೈಸ್ ಇಲ್ಲ’ ಎನ್ನುತ್ತದೆ. ಡಿಸ್ಕ್ ಆಯ್ಕೆ ಎಎಚ್‌ಸಿಐ ಇದ್ದದ್ದು ರೇಯ್ಡ್ ಆದರೆ ವಿಂಡೋಸ್ ನೀಲಿ ಪರದೆ ತೋರಿಸಿ ಬೀಳುತ್ತದೆ. ಡಿಸ್ಕೂ ಸರಿ, ವಿಂಡೋಸೂ ಸರಿ. ಬಯೋಸಿನಲ್ಲಿ ಒಂದು ಸಾಲು ಬದಲಿಸಿದರೆ ಎಲ್ಲವೂ ಮೊದಲಿನಂತೆ. ಇದನ್ನು ನೋಡದೆ ‘ಫಾರ್ಮ್ಯಾಟ್ ಹೊಡೆಯಬೇಕು’ ಎಂದು ಇದ್ದಬದ್ದ ಫೋಟೊಗಳನ್ನೆಲ್ಲ ಅಳಿಸಿಹಾಕುವ ಆತುರಗಾರರು ಕಡಿಮೆಯೇನಿಲ್ಲ.

ಡಿಸ್ಕೇ ಸಾಯುತ್ತಿದ್ದರೆ ಲಕ್ಷಣ ಬೇರೆ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಒಂದೇ ತಾಳದಲ್ಲಿ ಸದ್ದು ಮಾಡಿದರೆ ಅದರ ಓದುವ ಮುಳ್ಳು ದಾರಿ ಕಾಣದೆ ಒದ್ದಾಡುತ್ತಿದೆ. ಆ ಕ್ಷಣವೇ ಆಫ್ ಮಾಡುವುದು ಬುದ್ಧಿವಂತಿಕೆ. ಮತ್ತೆ ಮತ್ತೆ ಆನ್ ಮಾಡಿದಷ್ಟೂ, ‘ಡಿಸ್ಕ್ ಚೆಕ್’ ಓಡಿಸಿದಷ್ಟೂ ಉಳಿದದ್ದೂ ಹೋಗುತ್ತದೆ. ಸದ್ದಿಲ್ಲದೆ ವಿಂಡೋಸ್ ಮಾತ್ರ ಏಳದಿದ್ದರೆ ಉಬುಂಟುವಿನಂಥ ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ಓಡಿಸಿ, ಕಡತಗಳನ್ನು ಬೇರೆ ಡಿಸ್ಕಿಗೆ ನಕಲಿಸಿಕೊಳ್ಳಬಹುದು. ಮೊದಲು ನಕಲು, ಆಮೇಲೆ ರಿಪೇರಿ. ಈ ಕ್ರಮ ಯಾವತ್ತೂ ತಿರುವುಮುರುವಾಗಬಾರದು.

ಯಂತ್ರಕ್ಕೆ ಏನೂ ಆಗದೆ ಬರೀ ತಂತ್ರಾಂಶವೇ ಎಷ್ಟು ದೊಡ್ಡ ಅನಾಹುತ ಮಾಡಬಲ್ಲದು ಎಂಬುದು 2024ರ ಜುಲೈ 19ರಂದು ಜಗತ್ತಿಗೆಲ್ಲ ಗೊತ್ತಾಯಿತು. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶಕ್ಕೆ ಬಂದ ಒಂದು ದೋಷಪೂರಿತ ಅಪ್‌ಡೇಟಿನಿಂದ, ಮೈಕ್ರೊಸಾಫ್ಟಿನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಸೇಫ್ ಮೋಡಿನಲ್ಲಿ ಏಳಿಸಿ ಒಂದೇ ಒಂದು ಕಡತ ಅಳಿಸಿದರೆ ಸಾಕಿತ್ತು. ಆದರೆ ಸೇಫ್ ಮೋಡಿಗೆ ಹೋಗಲು ಎಷ್ಟೋ ಕಡೆ, ಡಿಸ್ಕಿಗೆ ವಿಂಡೋಸ್ ಹಾಕುವ ಬಿಟ್‌ಲಾಕರ್ ಎಂಬ ಬೀಗದ 48 ಅಂಕಿಗಳ ಕೀಲಿ ಬೇಕಾಗಿತ್ತು. ಅದು ಕೈಯಲ್ಲಿಲ್ಲದವರು ಪರದೆ ನೋಡುತ್ತಾ ಕೂತರು.

ಮನೆಯ ಲ್ಯಾಪ್‌ಟಾಪ್‌ಗಳಲ್ಲೂ ಈ ಬೀಗ ಮಾಲೀಕರ ಗಮನಕ್ಕೇ ಬಾರದೆ ಬಿದ್ದಿರಬಹುದು. ಬಯೋಸ್ ಬದಲಾದಾಗ, ಬೋರ್ಡ್ ಬದಲಿಸಿದಾಗ ಅದು ತಟ್ಟನೆ ಕೀಲಿ ಕೇಳುತ್ತದೆ. ಕೀಲಿ ಸಾಮಾನ್ಯವಾಗಿ ಮೈಕ್ರೊಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ, ಆ ಖಾತೆಯ ಪಾಸ್‌ವರ್ಡ್ ನೆನಪಿದ್ದರೆ.

ಎಷ್ಟು ಹಣ ಸುರಿಯಬಹುದು? ಚಾರ್ಜರ್, ಜಾಕ್, ರ‍್ಯಾಮ್, ಸೆಲ್, ಬ್ಯಾಟರಿಯವರೆಗೆ ಎರಡನೇ ಯೋಚನೆ ಬೇಕಿಲ್ಲ. ಹಾರ್ಡ್ ಡಿಸ್ಕ್ ಹೋಗಿದ್ದರೆ ಅದರ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿದಾಗ ಹತ್ತು ವರ್ಷದ ಯಂತ್ರವೂ ಮೊದಲಿಗಿಂತ ಚುರುಕಾಗುತ್ತದೆ. ಬೋರ್ಡಿನ ಸಣ್ಣ ರಿಪೇರಿಯೂ ಲಾಭವೇ. ಹೊಸ ಬೋರ್ಡನ್ನೇ ಹಾಕಿಸಬೇಕು, ಜೊತೆಗೆ ಪರದೆಯೂ ಹೋಗಿದೆ ಎಂದಾದರೆ ಅಲ್ಲಿಗೆ ನಿಲ್ಲಿಸುವುದು ಸರಿ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳಿಗೆ ಹೆಚ್ಚುಕಡಿಮೆ ವಿಂಡೋಸ್ 11ರ ಬಾಗಿಲು ಮುಚ್ಚಿದೆ. ಆ ಯಂತ್ರಗಳನ್ನು ಲಿನಕ್ಸಿನಲ್ಲಿ ಇನ್ನೂ ಕೆಲವು ವರ್ಷ ಆರಾಮವಾಗಿ ದುಡಿಸಬಹುದು, ಮಕ್ಕಳ ಓದಿಗೂ ಟೈಪಿಂಗಿಗೂ ಅದು ಧಾರಾಳ.

ಕೊನೆಗೂ ಏಳದ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಡಿಸ್ಕ್ ಬಿಚ್ಚಿಟ್ಟುಕೊಳ್ಳಬೇಕು. ಹೊರಗಿನ ಒಂದು ಯುಎಸ್‌ಬಿ ಪೆಟ್ಟಿಗೆಗೆ ಹಾಕಿದರೆ ಅದರಲ್ಲಿನ ಫೋಟೊ, ಪತ್ರಗಳೆಲ್ಲ ಸಿಗುತ್ತವೆ. ಬ್ಯಾಟರಿಯನ್ನು ಹಸಿ ಕಸ, ಒಣ ಕಸ ಎರಡಕ್ಕೂ ಸೇರಿಸುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಯಂತ್ರಗಳ ಮರುಬಳಕೆಯ ಹೊಣೆ ತಯಾರಕರ ಮೇಲಿದೆ, ಅವುಗಳನ್ನು ಕೊಡಬೇಕಾದದ್ದು ನೋಂದಾಯಿತ ಸಂಸ್ಥೆಗಳಿಗೆ. ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ ಇ-ಪರಿಸರ ಸಂಸ್ಥೆ 2005ರಿಂದಲೇ ಈ ಕೆಲಸ ಮಾಡುತ್ತಿದೆ.

ಇನ್ನೂ ಆನ್ ಆಗುತ್ತಿರುವ ಲ್ಯಾಪ್‌ಟಾಪ್ ಇರುವ ಓದುಗರಿಗೆ ಒಂದು ವಿನಂತಿ. ಈ ಭಾನುವಾರ ಬಿಡುವು ಮಾಡಿಕೊಂಡು ಮುಖ್ಯ ಕಡತಗಳನ್ನು ಇನ್ನೊಂದು ಡಿಸ್ಕಿಗೆ ನಕಲಿಸಿ. ಬಯೋಸಿಗೆ ಹೋಗಿ ಬೂಟ್ ಮತ್ತು ಡಿಸ್ಕ್ ಆಯ್ಕೆಗಳ ಪುಟದ ಫೋಟೊ ಮೊಬೈಲಿನಲ್ಲಿ ತೆಗೆದಿಡಿ. ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಗಳನ್ನು ಕಾಗದದಲ್ಲಿ ಬರೆದು, ಆ ಕಾಗದವನ್ನು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಅಲ್ಲ, ಮನೆಯ ಬೀರುವಿನಲ್ಲಿ ಇಡಿ.